‘ರೊಕ್ಕ ಬಂತಾ?’ ಅಂತ ಯಾರನ್ನ ಕೇಳಬೇಕು

ದಾವಣಗೆರೆಯಲ್ಲಿ ಸಣ್ಣ ಅಂಗಡಿಯವರು ಮತ್ತು ಮನೆಯಿಂದಲೇ ಮಾರಾಟ ಮಾಡುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಎದ್ದ ಪ್ರಶ್ನೆಗಳನ್ನು ಎದ್ದ ಜಾಗದಲ್ಲೇ ಬಿಟ್ಟಿದ್ದೇನೆ.

ಇಲ್ಲಿಗೆ ಬರುವ ಮುಂಚೆ ಮಂಡಕ್ಕಿ ಮಿರ್ಚಿ ತಿಂದು ಬಂದೆ. ಸಂಜೆ ಆರಕ್ಕೆ ದಾವಣಗೆರೆಯಲ್ಲಿ ಭಾಷಣ ಇಟ್ಟುಕೊಂಡರೆ ಹತ್ತು ನಿಮಿಷ ತಡವಾಗುವುದು ಈ ಕಾರಣಕ್ಕೇ, ಸಿಟ್ಟಾಗಬೇಡಿ. ಅಂಗಡಿಯವರ ಎರಡೂ ಕೈ ಕಡ್ಲೆಹಿಟ್ಟಿನಲ್ಲಿದ್ದವು. ತಿಂದವರು ಒಬ್ಬೊಬ್ಬರಾಗಿ ಮೊಬೈಲ್ ಹಿಡಿದು ಕ್ಯೂಆರ್ ಸ್ಕ್ಯಾನ್ ಮಾಡಿ ಹೋಗುತ್ತಿದ್ದರು. ಗಲ್ಲಾಪೆಟ್ಟಿಗೆ ಪಕ್ಕದ ಪುಟ್ಟ ಡಬ್ಬಿ ಇಷ್ಟು ರೂಪಾಯಿ ಬಂತು, ಇಷ್ಟು ರೂಪಾಯಿ ಬಂತು ಎಂದು ಕನ್ನಡದಲ್ಲೇ ಕೂಗುತ್ತಿತ್ತು. ಅವರು ಯಾರ ಮುಖವನ್ನೂ ನೋಡಲಿಲ್ಲ, ಯಾರ ಮೊಬೈಲನ್ನೂ ನೋಡಲಿಲ್ಲ. ಒಬ್ಬ ಹುಡುಗ ಸ್ಕ್ಯಾನ್ ಮಾಡಿ ಎರಡು ಹೆಜ್ಜೆ ಹಾಕಿದ, ಡಬ್ಬಿ ಕೂಗಲಿಲ್ಲ. "ನಿಂದು ಬಂದಿಲ್ಲ ನೋಡಪ್ಪ" ಅಂದರು, ತಲೆ ಎತ್ತದೆ. ಹುಡುಗ ವಾಪಸ್ ಬಂದ. ನೆಟ್‌ವರ್ಕ್ ಸಿಕ್ಕಿರಲಿಲ್ಲ.

ಇವತ್ತಿನ ನನ್ನ ಮಾತೆಲ್ಲ ಆ ಡಬ್ಬಿಯ ಬಗ್ಗೆ. ವೆಬ್‌ಸೈಟಿನಲ್ಲಿ ಆ ಡಬ್ಬಿ ಇರುವುದಿಲ್ಲ. ರಾತ್ರಿ ಎರಡು ಗಂಟೆಗೆ ಪುಣೆಯಲ್ಲಿ ಯಾರೋ ಒಬ್ಬರಿಗೆ ಊರಿನ ಶೇಂಗಾ ಚಟ್ನಿ ನೆನಪಾಗುತ್ತದೆ, ನಿಮ್ಮ ಸೈಟಿಗೆ ಬಂದು ಬಟನ್ ಒತ್ತುತ್ತಾರೆ. ನೀವು ಮಲಗಿರುತ್ತೀರಿ. ಬೆಳಿಗ್ಗೆ ಪಾರ್ಸೆಲ್ ಕಟ್ಟಬೇಕೋ ಬೇಡವೋ ಎಂದು ನಿಮಗೆ ಹೇಳುವವರು ಯಾರು? ಬಟನ್ ಹಾಕಿಕೊಡುವವರು ಈ ಊರಿನಲ್ಲೇ ಬೇಕಾದಷ್ಟು ಜನ ಇದ್ದಾರೆ, ನಾನೂ ಒಬ್ಬ. ಈ ಪ್ರಶ್ನೆಗೆ ಉತ್ತರ ಮಾಡಿಕೊಡುವವರು ಕಡಿಮೆ. ಮೊದಲ ಸಲ ನಾನೇ ಮಾಡಿಕೊಟ್ಟಿರಲಿಲ್ಲ, ಆ ಕಥೆಯನ್ನು ಆಮೇಲೆ ಹೇಳುತ್ತೇನೆ.

ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡುತ್ತಾರೆ. ಶುರುವಾದದ್ದು ವಾಟ್ಸಾಪ್‌ನಲ್ಲಿ. ಆರ್ಡರ್ ಬಂದರೆ ತಮ್ಮ ಕ್ಯೂಆರ್ ಫೋಟೊ ಕಳಿಸುವುದು, ಅವರು ದುಡ್ಡು ಹಾಕಿ ಸ್ಕ್ರೀನ್‌ಶಾಟ್ ಕಳಿಸುವುದು, ಇವರು ಪಾರ್ಸೆಲ್ ಕಳಿಸುವುದು. ಒಂದು ದಿನ 640 ರೂಪಾಯಿಯ ಸ್ಕ್ರೀನ್‌ಶಾಟ್ ಬಂತು. ಹಸಿರು ಟಿಕ್ ಇದೆ, ಇವರ ಹೆಸರಿದೆ, ಸಮಯ ಇದೆ. ಪಾರ್ಸೆಲ್ ಹೋಯಿತು. ತಿಂಗಳ ಕೊನೆಗೆ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಆ 640 ಎಲ್ಲೂ ಇಲ್ಲ. ಹಾಗೆ ಕಾಣುವ ಚಿತ್ರ ಮಾಡಿಕೊಡುವ ನಕಲಿ ಆ್ಯಪ್‌ಗಳಿವೆ. ಯುಪಿಐನ ಪ್ರತಿ ವ್ಯವಹಾರಕ್ಕೂ 12 ಅಂಕಿಯ ಒಂದು ನಂಬರ್ ಇರುತ್ತದೆ. ಆ ನಂಬರ್ ನಿಮ್ಮ ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲೂ ಕಾಣಿಸಿದರೆ ದುಡ್ಡು ಬಂದಿದೆ. ಅವರ ಸ್ಕ್ರೀನ್‌ಶಾಟ್‌ನಲ್ಲಿ ಮಾತ್ರ ಇದ್ದರೆ ಬಂದಿಲ್ಲ. ಅಕ್ಕ ಕೇಳಿದ್ದು ಇಷ್ಟೇ: "ತಮ್ಮಾ, ಕೊಟ್ಟವರನ್ನೇ ಕೊಟ್ರೇನು ಅಂತ ಕೇಳಿದ್ರೆ ಕೊಟ್ಟಿಲ್ಲ ಅಂತಾರೇನು?"

ಅದಕ್ಕೆ ಸೈಟ್ ಮಾಡಿಸಬೇಕು ಎಂದು ಹಟ ಹಿಡಿದರು. ನಾನು ಬೇಡ ಅಂದಿದ್ದೆ. ದಿನಕ್ಕೆ ಐದು-ಹತ್ತು ಆರ್ಡರ್ ಇದ್ದರೆ ಪೇಮೆಂಟ್ ಲಿಂಕ್ ಸಾಕು. ಒಂದು ಆರ್ಡರಿಗೆ ಒಂದು ಲಿಂಕ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತೀರಿ, ಅದರ ಮೂಲಕ ದುಡ್ಡು ಬಂದರೆ ಆ ಆರ್ಡರಿನದೇ ದುಡ್ಡು ಎಂದು ಲಿಂಕ್ ಕೊಡುವ ಕಂಪನಿಯಲ್ಲಿನ ನಿಮ್ಮ ಖಾತೆಯ ಪುಟದಲ್ಲಿ ಕಾಣುತ್ತದೆ. ವೆಬ್‌ಸೈಟ್ ಬೇಕಿಲ್ಲ. ಇಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಇದೇ ಸಾಕು ಅನಿಸುತ್ತದೆ ನನಗೆ. ನನ್ನ ಹೊಟ್ಟೆಪಾಡಿಗೆ ಇದು ಒಳ್ಳೆಯ ಮಾತಲ್ಲ, ಆದರೂ ಹೇಳಿದ್ದೇನೆ.

ಸೈಟ್ ಬೇಕೇ ಬೇಕು ಅನ್ನುವವರಿಗೆ ಪೇಮೆಂಟ್ ಗೇಟ್‌ವೇ ಬೇಕು. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು, ಸಿಸಿ ಅವೆನ್ಯೂ, ಈ ಹೆಸರುಗಳನ್ನು ಕೇಳಿರುತ್ತೀರಿ. ರಿಸರ್ವ್ ಬ್ಯಾಂಕಿನ ಭಾಷೆಯಲ್ಲಿ ಇವರು ಪೇಮೆಂಟ್ ಅಗ್ರಿಗೇಟರ್‌ಗಳು. ಈ ಊರಿನಲ್ಲಿ ಇದನ್ನು ಬಿಡಿಸಿ ಹೇಳಲು ನಾನು ಕಷ್ಟಪಡಬೇಕಿಲ್ಲ. ರೈತ ಮೆಕ್ಕೆಜೋಳದ ಚೀಲ ತಂದು ದಲಾಲಿ ಅಂಗಡಿ ಮುಂದೆ ಇಳಿಸುತ್ತಾನೆ. ಕೊಳ್ಳುವವನ ಗುರುತು ಪರಿಚಯ ರೈತನಿಗಿಲ್ಲ, ರೈತನದು ಅವನಿಗಿಲ್ಲ. ನಡುವೆ ದಲಾಲರು ನಿಂತು ಅವನ ದುಡ್ಡು ಇವನಿಗೆ ಮುಟ್ಟಿಸಿ, ಲೆಕ್ಕದ ಪಟ್ಟಿ ಬರೆದುಕೊಡುತ್ತಾರೆ. ಗೇಟ್‌ವೇ ಅಂದರೆ ಅದೇ. ಪುಣೆಯವರ ಕಾರ್ಡ್ ಯಾವ ಬ್ಯಾಂಕಿನದೋ, ನಿಮ್ಮ ಖಾತೆ ಯಾವ ಬ್ಯಾಂಕಿನದೋ. ನಡುವಿನವರು ವಸೂಲಿ ಮಾಡಿ, ತಮ್ಮ ಕಮಿಷನ್ ಮುರಿದುಕೊಂಡು, ಉಳಿದದ್ದನ್ನು ಒಂದೆರಡು ದಿನದಲ್ಲಿ ನಿಮ್ಮ ಖಾತೆಗೆ ಹಾಕುತ್ತಾರೆ. ಇದಕ್ಕೆ ಸೆಟಲ್‌ಮೆಂಟ್ ಎನ್ನುತ್ತಾರೆ.

ದಲಾಲರು ಅಂಗಡಿ ಮುಚ್ಚಿಕೊಂಡು ಹೋದರೆ? ಮಂಡಿ ಕಂಡವರಿಗೆ ಆ ಭಯ ಗೊತ್ತು. ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 17ರಂದು ಇವರಿಗೆ ನಿಯಮ ತಂದಿತು. ಅರ್ಜಿ ಹಾಕುವಾಗಲೇ 15 ಕೋಟಿ ರೂಪಾಯಿ ನಿವ್ವಳ ಆಸ್ತಿ ಇರಬೇಕು, ಆಮೇಲೆ ಅದು 25 ಕೋಟಿಗೆ ಏರಬೇಕು. ಅದಕ್ಕಿಂತ ಮುಖ್ಯವಾದದ್ದು, ನಿಮ್ಮ ದುಡ್ಡನ್ನು ತಮ್ಮ ಸ್ವಂತ ತಿಜೋರಿಯಲ್ಲಿ ಬೆರೆಸುವಂತಿಲ್ಲ. ಬ್ಯಾಂಕಿನಲ್ಲಿ ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿ, ಅಂದರೆ ಬೇರೆಯವರಿಗೆ ಸಲ್ಲಬೇಕಾದ ದುಡ್ಡಿಗೆಂದೇ ಇರುವ ಖಾತೆಯಲ್ಲಿ, ಇಡಬೇಕು. ಅನುಮತಿ ಪಡೆದವರ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲೇ ಇದೆ. ಯಾರಾದರೂ ಅಗ್ಗಕ್ಕೆ ಮಾಡಿಕೊಡುತ್ತೇನೆ ಎಂದು ಬಂದರೆ ಮೊದಲು ಆ ಪಟ್ಟಿ ತೆಗೆದು ನೋಡಿ, ಆಮೇಲೆ ಕಮಿಷನ್ ಮಾತಾಡಿ.

ಕಮಿಷನ್ ಲೆಕ್ಕವನ್ನು ಒಮ್ಮೆ ಪೈಸೆವರೆಗೂ ಮಾಡೋಣ. ಸಾಮಾನ್ಯವಾಗಿ ಶೇ. 2ರ ಆಸುಪಾಸು ಹೇಳುತ್ತಾರೆ. ನೆಟ್ ಬ್ಯಾಂಕಿಂಗ್‌ನಲ್ಲಿ 600 ರೂಪಾಯಿ ಬಂತು ಅಂದುಕೊಳ್ಳಿ. ಶೇ. 2 ಅಂದರೆ 12 ರೂಪಾಯಿ. ಆ 12ರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 2 ರೂಪಾಯಿ 16 ಪೈಸೆ. ನಿಮ್ಮ ಖಾತೆಗೆ ಬೀಳುವುದು 585 ರೂಪಾಯಿ 84 ಪೈಸೆ. ಜಿಎಸ್‌ಟಿ ನೋಂದಣಿ ಇರುವವರು ಆ 2.16ನ್ನು ತಮ್ಮ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಇಲ್ಲದವರಿಗೂ ಕಾಂಪೊಸಿಷನ್‌ನಲ್ಲಿ, ಅಂದರೆ ವಹಿವಾಟಿನ ಮೇಲೆ ಒಂದು ಸಣ್ಣ ದರದ ತೆರಿಗೆ ಕಟ್ಟುವ ಪದ್ಧತಿಯಲ್ಲಿ, ಇರುವವರಿಗೂ ಅದು ಹೋದ ದುಡ್ಡೇ. ರೊಟ್ಟಿಯಲ್ಲಿ ಲಾಭ ನೂರಕ್ಕೆ ಹದಿನೈದು ಇದ್ದರೆ ಕಮಿಷನ್ನು, ತೆರಿಗೆ ಸೇರಿ ನೂರಕ್ಕೆ ಹೋಗುವ ಈ ಎರಡು ಚಿಲ್ಲರೆ ರೂಪಾಯಿ ಸಣ್ಣದಲ್ಲ, ಬೆಲೆ ಇಡುವಾಗಲೇ ಸೇರಿಸಿಕೊಳ್ಳಿ.

"ಯುಪಿಐಗೆ ಚಾರ್ಜ್ ಇಲ್ಲ ಅಂತಾರಲ್ರೀ" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್, ಅಂದರೆ ಅಂಗಡಿಯವರಿಂದ ಬ್ಯಾಂಕುಗಳು ಹಿಡಿಯುವ ಪಾಲು, ಸೊನ್ನೆ. ಆದರೆ ಗೇಟ್‌ವೇಯವರು ತಮ್ಮ ಸೇವೆಗೆ ಅಂತ ಬೇರೆ ಹೆಸರಿನಲ್ಲಿ ಹಿಡಿದುಕೊಳ್ಳಬಹುದು. ಒಬ್ಬೊಬ್ಬರದು ಒಂದೊಂದು ಥರ. ಯುಪಿಐ, ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್, ನೆಟ್ ಬ್ಯಾಂಕಿಂಗ್, ಒಂದೊಂದಕ್ಕೂ ಎಷ್ಟು ಅಂತ ಬರಹದಲ್ಲಿ ತರಿಸಿಕೊಳ್ಳಿ. ಬಾಯಿಮಾತು ಬೇಡ. ಯುಪಿಐಯೊಳಗೇ ರುಪೇ ಕ್ರೆಡಿಟ್ ಕಾರ್ಡ್ ಜೋಡಿಸಿಕೊಂಡು ಕೊಡುವವರೂ 2022ರಿಂದ ಇದ್ದಾರೆ, ಅದಕ್ಕೆಷ್ಟು ಅಂತ ಬೇರೆಯಾಗಿ ಕೇಳಿ.

ಇನ್ನು ನನ್ನ ತಪ್ಪಿನ ಕಥೆ. ಎರಡು ತಪ್ಪು. ಮೊದಲನೆಯದು ನಗುವಂಥದ್ದು. ಸೈಟ್ ಶುರುವಾದ ದಿನ ಅಕ್ಕನ ತಂಗಿಯೇ ಮೊದಲ ಗಿರಾಕಿ. 640 ರೂಪಾಯಿಯ ಆರ್ಡರ್. ಮೊಬೈಲ್‌ನಲ್ಲಿ 6 ರೂಪಾಯಿ 40 ಪೈಸೆ ಅಂತ ಬಂತು. ಅವರು ಸಂತೋಷದಿಂದ ಕೊಟ್ಟೂಬಿಟ್ಟರು. ಆಗಿದ್ದು ಇಷ್ಟು: ಗೇಟ್‌ವೇಗೆ ಮೊತ್ತವನ್ನು ಪೈಸೆಯಲ್ಲಿ ಹೇಳಬೇಕಿತ್ತು, 64000 ಅಂತ. ನಾನು 640 ಅಂತ ಕಳಿಸಿದ್ದೆ. ನಾಲ್ಕಾಣೆಯ ಚಲಾವಣೆ 2011ರ ಜೂನ್ 30ಕ್ಕೇ ನಿಂತುಹೋಯಿತು, ಪೈಸೆಯ ಕಾಲ ಮುಗಿಯಿತು ಅಂದುಕೊಂಡಿದ್ದೆವು. ಗೇಟ್‌ವೇಯ ಹೊಟ್ಟೆಯೊಳಗೆ ಪೈಸೆ ಇನ್ನೂ ಗಟ್ಟಿಮುಟ್ಟಾಗಿದೆ.

ಎರಡನೆಯದಕ್ಕೆ ನಗಲಾಗಲಿಲ್ಲ. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಸೈಟ್ ಮಾಡಿಸುವವರೆಲ್ಲ ಕೇಳಿಸಿಕೊಳ್ಳಿ. ಗಿರಾಕಿ ಬಟನ್ ಒತ್ತಿದಾಗ ನಿಮ್ಮ ಸೈಟಿನಿಂದ ಗೇಟ್‌ವೇಯ ಪುಟಕ್ಕೆ ಹೋಗುತ್ತಾರೆ. ಅಲ್ಲಿ ಕಾರ್ಡ್ ನಂಬರ್, ಓಟಿಪಿ, ಅಥವಾ ಯುಪಿಐ ಪಿನ್. ಮುಗಿದ ಮೇಲೆ ಗೇಟ್‌ವೇ ಅವರನ್ನು ವಾಪಸ್ ನಿಮ್ಮ ಸೈಟಿನ ‘ಧನ್ಯವಾದ’ ಪುಟಕ್ಕೆ ಕಳಿಸುತ್ತದೆ. ನಾನು ಮಾಡಿದ್ದೇನೆಂದರೆ, ಯಾರಾದರೂ ಧನ್ಯವಾದ ಪುಟಕ್ಕೆ ಬಂದರೆ ಆ ಆರ್ಡರಿಗೆ ‘ಹಣ ಸಂದಿದೆ’ ಎಂದು ಗುರುತು ಹಾಕಿಬಿಡುವುದು. ನೋಡುವುದಕ್ಕೆ ಸರಿಯಾಗೇ ಇತ್ತು. ಎರಡು ತಿಂಗಳು ನಡೆಯಿತು ಕೂಡ.

ಆಮೇಲೆ ಎರಡೂ ಕಡೆಯಿಂದ ಪೆಟ್ಟು ಬಿತ್ತು. ಯಾರೋ ಚಾಲಾಕಿ, ದುಡ್ಡು ಕೊಡದೆ, ಧನ್ಯವಾದ ಪುಟದ ವಿಳಾಸವನ್ನು ತಮ್ಮ ಆರ್ಡರ್ ನಂಬರ್ ಸೇರಿಸಿ ನೇರವಾಗಿ ಬ್ರೌಸರ್‌ನಲ್ಲಿ ಟೈಪ್ ಮಾಡಿದರು. ಅಕ್ಕ ಮೂರು ಪಾರ್ಸೆಲ್ ಕಳಿಸಿದರು, ಮೂರೂ ಪುಕ್ಕಟೆ. ಅದೇ ವಾರ ಧಾರವಾಡದಿಂದ ಒಬ್ಬ ಹಿರಿಯರು ಫೋನ್ ಮಾಡಿ ಬೈದರು. ದುಡ್ಡು ಕಟ್ ಆಗಿದೆ, ಆರ್ಡರೇ ಇಲ್ಲ ಅಂತೀರಲ್ಲ ಅಂತ. ಅವರು ಪಿನ್ ಹಾಕಿದ್ದರು, ದುಡ್ಡು ಹೋಗಿತ್ತು, ಅಷ್ಟರಲ್ಲಿ ಮೊಬೈಲ್ ಚಾರ್ಜ್ ಮುಗಿದು ಧನ್ಯವಾದ ಪುಟಕ್ಕೆ ಬಂದೇ ಇರಲಿಲ್ಲ. ಕೊಡದವರಿಗೆ ರೊಟ್ಟಿ ಹೋಯಿತು, ಕೊಟ್ಟವರಿಂದ ನಮಗೆ ಬೈಗುಳ ಬಂತು. ಯೋಚಿಸಿ ನೋಡಿದರೆ ಅದು ಹಳೆಯ ಸ್ಕ್ರೀನ್‌ಶಾಟ್ ತಪ್ಪೇ. ಕೊಟ್ರೇನು ಅಂತ ಗಿರಾಕಿಯ ಮೊಬೈಲನ್ನೇ ಕೇಳುತ್ತಿದ್ದೆ. ಅಕ್ಕ ಮೊದಲ ದಿನವೇ ಹೇಳಿದ್ದ ಮಾತು ನನ್ನ ತಲೆಗೆ ಹೋಗಿರಲಿಲ್ಲ.

ಇದಕ್ಕೆ ಮದ್ದು ವೆಬ್‌ಹುಕ್. ದುಡ್ಡು ನಿಜವಾಗಿ ಬಂದಾಗ ಗೇಟ್‌ವೇಯ ಕಂಪ್ಯೂಟರ್ ನೇರವಾಗಿ ನಿಮ್ಮ ಸೈಟಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಗಿರಾಕಿಯ ಮೊಬೈಲ್ ನಡುವೆ ಬರುವುದೇ ಇಲ್ಲ. ಮೊಬೈಲ್ ಆಫ್ ಆಗಲಿ, ಬ್ರೌಸರ್ ಮುಚ್ಚಲಿ, ಸುದ್ದಿ ಬರುತ್ತದೆ. ಮಿರ್ಚಿ ಅಂಗಡಿಯ ಡಬ್ಬಿ ಅಂದೆನಲ್ಲ, ಇದು ಅದೇ. ಆದರೆ ಕೂಗಿದ ದನಿ ಗೇಟ್‌ವೇಯದ್ದೇ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕೆ ಪ್ರತಿ ಸುದ್ದಿಯ ಜೊತೆ ಒಂದು ಡಿಜಿಟಲ್ ರುಜು ಇರುತ್ತದೆ, ನಿಮ್ಮ ಬಳಿ ಇರುವ ಗುಟ್ಟಿನ ಕೀಲಿಯಿಂದ ಅದನ್ನು ತಾಳೆ ನೋಡಬೇಕು. ಆ ಕೀಲಿಯನ್ನು ಸೈಟಿನ ಪುಟದೊಳಗೆ ಬರೆದಿಡಬಾರದು, ಯಾರು ಬೇಕಾದರೂ ತೆಗೆದು ಓದುತ್ತಾರೆ. ಒಂದೇ ಸುದ್ದಿ ಎರಡು ಸಲ ಬರುವುದೂ ಉಂಟು. ಆರ್ಡರ್ ನಂಬರ್ ನೋಡಿ, ಮೊದಲೇ ಗುರುತು ಹಾಕಿದ್ದರೆ ಸುಮ್ಮನಿರಬೇಕು, ಇಲ್ಲವಾದರೆ ಎರಡು ಪಾರ್ಸೆಲ್ ಹೋಗುತ್ತವೆ. ಮೊತ್ತವನ್ನೂ ತಾಳೆ ನೋಡಿ. ಬೆಲೆಯನ್ನು ಗಿರಾಕಿಯ ಬ್ರೌಸರ್‌ನಿಂದ ತೆಗೆದುಕೊಂಡರೆ 640ನ್ನು 64 ಮಾಡಿ ಕಳಿಸುವವರಿದ್ದಾರೆ. ಬೆಲೆ ಯಾವತ್ತೂ ನಿಮ್ಮ ಕಡೆಯ ಪಟ್ಟಿಯಿಂದಲೇ ಬರಬೇಕು.

ನಿಮಗೆ ಪ್ರೋಗ್ರಾಮಿಂಗ್ ಬರಬೇಕಿಲ್ಲ. ಸೈಟ್ ಮಾಡಿಕೊಡುವವರ ಮುಂದೆ ಕೂತು, ಹತ್ತು ರೂಪಾಯಿಯ ಒಂದು ಆರ್ಡರ್ ಹಾಕಿ, ದುಡ್ಡು ಹೋದ ತಕ್ಷಣ ಮೊಬೈಲ್ ಸ್ವಿಚ್ ಆಫ್ ಮಾಡಿ. ಐದು ನಿಮಿಷ ಬಿಟ್ಟು ಆರ್ಡರ್ ಪಟ್ಟಿಯಲ್ಲಿ ಆ ಹತ್ತು ರೂಪಾಯಿ ಕಾಣಿಸುತ್ತದಾ ನೋಡಿ. ಕಾಣಿಸದಿದ್ದರೆ ಬಾಕಿ ದುಡ್ಡು ಕೊಡಬೇಡಿ. ನನ್ನ ಜೊತೆಗಿನವರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ, ಇರಲಿ.

ದುಡ್ಡು ಗಿರಾಕಿಯ ಖಾತೆಯಿಂದ ಕಟ್ ಆಗಿ, ನಿಮಗೂ ಬರದೆ, ನಡುವೆ ಸಿಕ್ಕಿಕೊಳ್ಳುವುದೂ ಇದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಪ್ರಕಾರ, ಅಂಗಡಿಗೆ ಮಾಡಿದ ಯುಪಿಐ ಪಾವತಿ ಹೀಗೆ ಸಿಕ್ಕಿಕೊಂಡರೆ ಐದು ದಿನದೊಳಗೆ ತಾನಾಗಿಯೇ ವಾಪಸ್ ಹೋಗಬೇಕು. ಆಮೇಲೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಗಿರಾಕಿಗೆ. ಬೈಯುವವರಿಗೆ ಇದನ್ನು ಸಮಾಧಾನವಾಗಿ ಹೇಳಿ. ನಿಮ್ಮ ಕೈಯಿಂದ ಕೊಡಲು ಹೋಗಬೇಡಿ, ಎರಡು ಸಲ ಹೋಗುತ್ತದೆ.

ರಿಫಂಡ್ ವಿಷಯಕ್ಕೆ ಒಂದು ಮಾತು. ದುಡ್ಡು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು, ಗೇಟ್‌ವೇಯ ರಿಫಂಡ್ ಬಟನ್ ಒತ್ತಿ. "ಅಣ್ಣಾ, ತಪ್ಪಿ ಜಾಸ್ತಿ ಹಾಕಿದೀನಿ, ಈ ನಂಬರಿಗೆ ಕಳಿಸಿ" ಎಂದು ಫೋನ್ ಬಂದರೆ ಕಳಿಸಬೇಡಿ. ದುಡ್ಡು ಪಡೆಯುವುದಕ್ಕೆ ಪಿನ್ ಯಾವತ್ತೂ ಬೇಕಾಗುವುದಿಲ್ಲ, ಪಿನ್ ಕೇಳಿದರೆ ಅದು ಹೋಗುವ ದುಡ್ಡು. ಮೋಸ ಹೋದರೆ ನಾಚಿಕೊಂಡು ಕೂರದೆ ಆ ಗಳಿಗೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಾರ್ಡಿನವರು ಚಾರ್ಜ್‌ಬ್ಯಾಕ್ ಹಾಕುವುದೂ ಉಂಟು, ಅಂದರೆ ‘ನನಗೆ ಮಾಲು ಬಂದಿಲ್ಲ’ ಎಂದು ತಮ್ಮ ಬ್ಯಾಂಕಿನಲ್ಲೇ ತಕರಾರು. ಆಗ ನಿಮ್ಮನ್ನು ಕಾಪಾಡುವುದು ಕೊರಿಯರ್ ರಸೀದಿ ಒಂದೇ. ಬಿಸಾಡಬೇಡಿ.

ಅರ್ಜಿಯ ಕಾಗದಪತ್ರ ಬೇಗ ಮುಗಿಸುತ್ತೇನೆ. ಪ್ಯಾನ್, ಬ್ಯಾಂಕ್ ಖಾತೆ, ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿಯಂಥದ್ದೊಂದು ಪುರಾವೆ. ಸೈಟಿನಲ್ಲಿ ನಿಮ್ಮ ವಿಳಾಸ, ಫೋನ್, ಮಾಲು ವಾಪಸಾತಿ ನಿಯಮ, ಕಳಿಸಲು ಎಷ್ಟು ದಿನ, ಇಷ್ಟು ಇಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದೆ. ಗಿರಾಕಿಯ ಕಾರ್ಡ್ ನಂಬರ್ ಎಲ್ಲೂ ಬರೆದಿಡಬೇಡಿ. 2022ರ ಅಕ್ಟೋಬರ್ 1ರಿಂದ ಮಾರುವವರು ಅದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಅಂಗಡಿಯ ಹೆಸರು ಒಂದು, ಪ್ಯಾನ್‌ನಲ್ಲಿ ಮಾವನವರ ಹೆಸರು ಇನ್ನೊಂದು ಇದ್ದರೆ, ಗಿರಾಕಿಯ ಮೊಬೈಲ್‌ನಲ್ಲಿ ಮಾವನವರ ಹೆಸರು ಬಂದು ಅವರು ಗಾಬರಿಯಾಗಿ ಅರ್ಧಕ್ಕೇ ಬಿಟ್ಟುಹೋಗುತ್ತಾರೆ. ಗೇಟ್‌ವೇಯ ಪುಟಕ್ಕೆ ಹೋಗುವ ಮುಂಚಿನ ನಿಮ್ಮ ಪುಟದಲ್ಲೇ ‘ಪಾವತಿಯಲ್ಲಿ ಈ ಹೆಸರು ಕಾಣಿಸುತ್ತದೆ’ ಎಂದು ಬರೆದುಬಿಡಿ.

ಇಲ್ಲಿಗೆ ಬಂದಾಗ ಒಬ್ಬ ಹಾರ್ಡ್‌ವೇರ್ ಅಂಗಡಿಯ ಹಿರಿಯರು ಎದ್ದು ನಿಂತರು. "ಅದೆಲ್ಲ ಸರಿ ತಮ್ಮಾ, ಆಮೇಲೆ ನೋಟಿಸ್ ಬಂದ್ರೆ?" ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು, ಸಭೆ ಎದ್ದು ಕೂತಿತು.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಬಿದ್ದವು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆ ಚೀಟಿ ಅರ್ಥವಾಗುವುದಿಲ್ಲ. ವಸ್ತು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಅದು ನಗದಾಗಿ ಬಂದರೂ ಅಷ್ಟೇ, ಫೋನಿನಲ್ಲಿ ಬಂದರೂ ಅಷ್ಟೇ. ಕ್ಯೂಆರ್ ತೆಗೆದರೆ ವಹಿವಾಟು ಕಡಿಮೆಯಾಗುವುದಿಲ್ಲ, ಕಾಣುವುದು ಕಡಿಮೆಯಾಗುತ್ತದೆ. ನಿಜವಾದ ತೊಂದರೆ ಬೇರೆ. ಮಗಳ ಮದುವೆಗೆ ತಂದ ಕೈಸಾಲ, ಚೀಟಿ ದುಡ್ಡು, ತಮ್ಮ ಊರಿಂದ ಹಾಕಿದ ಮನೆ ಖರ್ಚು, ಎಲ್ಲ ವ್ಯಾಪಾರದ ಖಾತೆಗೇ ಬಂದು ಬಿದ್ದಿರುತ್ತವೆ. ನೋಡುವವರಿಗೆ ಎಲ್ಲವೂ ಮಾರಾಟವೇ. ಇವತ್ತೇ ಹೋಗಿ ವ್ಯಾಪಾರಕ್ಕೆ ಒಂದು ಪ್ರತ್ಯೇಕ ಖಾತೆ ತೆಗೆಯಿರಿ. ಗೇಟ್‌ವೇಯ ಪಟ್ಟಿ ಮಂಡಿಯ ಲೆಕ್ಕಕ್ಕಿಲ್ಲದ ಬಿಳಿ ಚೀಟಿಯಲ್ಲ, ಪ್ರತಿ ರೂಪಾಯಿಗೂ ಯಾವ ಆರ್ಡರಿನದು ಎಂದು ಬರೆದಿರುತ್ತದೆ. ಪ್ರಶ್ನೆ ಬಂದ ದಿನ ಅದೇ ಕೈಗೆ ಬರುವುದು.

ಸೈಟ್ ಇರುವವರು ಗಮನಿಸಬೇಕಾದ್ದು ಇನ್ನೊಂದಿದೆ. ಜಿಎಸ್‌ಟಿ ಇರುವ ವಸ್ತುವನ್ನು ಹೊರರಾಜ್ಯಕ್ಕೆ ಮಾರಿದರೆ 40 ಲಕ್ಷದ ಮಾತು ಬರುವುದಿಲ್ಲ. ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟರೆ, ಮೊದಲ ಪಾರ್ಸೆಲ್‌ಗೇ ನೋಂದಣಿ ಬೇಕು. ಪುಣೆಗೆ ಚಟ್ನಿ ಕಳಿಸುವ ಆಸೆ ಇರುವವರು ಸೈಟ್ ಮಾಡಿಸುವ ಮೊದಲು ತೆರಿಗೆ ಸಲಹೆಗಾರರ ಹತ್ತಿರ ಹೋಗಿ. ಅಲ್ಲಿಯವರೆಗೆ ಕರ್ನಾಟಕದ ಪಿನ್‌ಕೋಡ್‌ಗಳಿಗೆ ಮಾತ್ರ ಆರ್ಡರ್ ತೆಗೆದುಕೊಳ್ಳುವಂತೆ ಸೈಟಿನಲ್ಲಿ ಕಟ್ಟುಹಾಕಬಹುದು.

ಹಿರಿಯರಿಗೆ ಇನ್ನೊಂದು ಲೆಕ್ಕ ಹೇಳಿದೆ. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ಪದ್ಧತಿ ಇದೆಯಲ್ಲ, ಅದರಲ್ಲಿ ನಗದು ವಹಿವಾಟಿಗೆ ಶೇ. 8 ಲಾಭ ಎಂದು ಹಿಡಿದರೆ, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ. 6. ವರ್ಷಕ್ಕೆ 30 ಲಕ್ಷ ವ್ಯಾಪಾರವಾದರೆ ಮೊದಲನೆಯದರಲ್ಲಿ ಲಾಭ 2 ಲಕ್ಷ 40 ಸಾವಿರ, ಎರಡನೆಯದರಲ್ಲಿ 1 ಲಕ್ಷ 80 ಸಾವಿರ. ಅವರು ಜೇಬಿನಿಂದ ಪೆನ್ನು ತೆಗೆದು ಆಮಂತ್ರಣ ಪತ್ರಿಕೆಯ ಹಿಂದೆ ಗುಣಿಸಿ ನೋಡಿಕೊಂಡರು. ಏನೂ ಹೇಳಲಿಲ್ಲ, ಕೂತರು.

ಅಕ್ಕ ಈಗ ರಾತ್ರಿ ಊಟ ಆದಮೇಲೆ ಒಂದು ಉದ್ದನೆಯ ಕಿರ್ದಿ ಪುಸ್ತಕ ತೆಗೆದು ಕೂರುತ್ತಾರೆ. ಅವರ ಮಾವನವರ ಕಾಲದ್ದು, ಅರ್ಧ ಖಾಲಿ ಉಳಿದಿತ್ತಂತೆ. ಮೊದಲ ಕಂಬದಲ್ಲಿ ಆರ್ಡರ್ ನಂಬರ್, ಎರಡನೆಯದರಲ್ಲಿ ಗಿರಾಕಿ ಕೊಟ್ಟ ಮೊತ್ತ, ಮೂರನೆಯದರಲ್ಲಿ ಕಮಿಷನ್ ಮುರಿದು ಬ್ಯಾಂಕಿಗೆ ಬಿದ್ದದ್ದು ಮತ್ತು ಬಿದ್ದ ತಾರೀಕು. ಕಂಪ್ಯೂಟರಿನಲ್ಲಿ ಎಲ್ಲ ತಾನೇ ಆಗುತ್ತದೆ ಅಕ್ಕಾ ಅಂದೆ. "ಆಗ್ಲಿ ಬಿಡು, ನನಗೆ ನಾನು ಬರದ್ರೇ ನಿದ್ದಿ" ಅಂದರು. ನಿನ್ನೆ ಆ ಪುಟ ನೋಡಿದೆ. ಹದಿನಾಲ್ಕು ಸಾಲು, ಹದಿಮೂರಕ್ಕೆ ಕೆಂಪು ಪೆನ್ನಿನ ಟಿಕ್. ಒಂದು ಸಾಲಿನ ಮೂರನೇ ಕಂಬ ಖಾಲಿ ಇತ್ತು, ಪಕ್ಕದಲ್ಲಿ ಫೋನ್ ನಂಬರ್ ಬರೆದು ಸುತ್ತು ಹಾಕಿದ್ದರು. ಕೇಳಿದ್ದಕ್ಕೆ, "ಶನಿವಾರದ್ದು ಅದು. ಸೋಮವಾರ ಮಧ್ಯಾಹ್ನದ ತನಕ ನೋಡ್ತೀನಿ, ಆಮೇಲೆ ಆ ದಲಾಲರಿಗೆ ಫೋನ್ ಹಚ್ತೀನಿ" ಅಂದರು.